ರೇಸಿನ ಬೀದಿಯ ನಿಧಾನಕ್ಕ

ಬಸ್ ಡಿಪೋದಲ್ಲಿ ಅವಳಿಗೆ ನಿಧಾನಕ್ಕ ಎಂದು ಮೊದಲು ಹೆಸರಿಟ್ಟವರು ಯಾರು ಎಂಬುದು ಅವಳಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಆ ಹೆಸರು ಅಂಟಿಕೊಂಡಿತು. ಹದಿನಾಲ್ಕನೇ ನಂಬರಿನ ಬಸ್ಸು ಬಂದರಿನಿಂದ ಆಸ್ಪತ್ರೆ ಮುಟ್ಟುವುದಕ್ಕೆ ಉಳಿದ ಡ್ರೈವರುಗಳ ಕೈಯಲ್ಲಿ ಮೂವತ್ತೈದು ನಿಮಿಷ ತೆಗೆದುಕೊಂಡರೆ ಅವಳ ಕೈಯಲ್ಲಿ ನಲವತ್ತು ತೆಗೆದುಕೊಳ್ಳುತ್ತಿತ್ತು. ಅವಳ ಬಸ್ಸಿನಲ್ಲಿ ನಿಂತುಕೊಂಡೇ ಸೂಜಿಗೆ ದಾರ ಪೋಣಿಸಬಹುದು ಎಂದು ಕಂಡಕ್ಟರು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. ಅವನು ತಮಾಷೆಗೆ ಹೇಳಿದ್ದರೂ ಮಾತು ಸುಳ್ಳಾಗಿರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಮನೆಗೆ ಹೊರಟ ರೋಗಿಗಳು, ತುಂಬಿದ ಬಸುರಿಯರು, ಮಡಿಲಲ್ಲಿ ಮೊಟ್ಟೆಯ ಬುಟ್ಟಿ ಇಟ್ಟುಕೊಂಡವರು ಮುಂದೆ ಬಂದ ಬಸ್ಸನ್ನು ಬಿಟ್ಟು ಅವಳ ಬಸ್ಸಿಗಾಗಿ ಕಾಯುತ್ತಿದ್ದರು.

ಹೀಗೆ ಆಮೆಯಂತೆ ಓಡಾಡುವ ಹೆಂಗಸಿನ ತಲೆಯೊಳಗೆ ಏನು ಓಡುತ್ತಿರುತ್ತದೆ ಎಂಬುದು ಅವಳ ಗಂಡನೊಬ್ಬನಿಗೆ ಗೊತ್ತಿತ್ತು. ಅವನು ಗಡಿಯಾರ ರಿಪೇರಿ ಮಾಡುವವನು. ಹೆಚ್ಚು ಮಾತಿನವನಲ್ಲ, ಆದ್ದರಿಂದ ಗುಟ್ಟು ಹೊರಗೆ ಬಿದ್ದಿರಲಿಲ್ಲ.

ಅವಳ ಬಸ್ಸು ಹೋಗುವ ದಾರಿಯಲ್ಲೇ ವರ್ಷಕ್ಕೊಮ್ಮೆ ಮೂರು ದಿನ ಕಾರಿನ ರೇಸು ನಡೆಯುತ್ತಿತ್ತು. ಬಂದರು ರಸ್ತೆಯ ಉದ್ದಕ್ಕೂ ನೇರವಾಗಿ ಬಂದು, ಲೈಬ್ರರಿಯ ಪಕ್ಕದ ಏರನ್ನು ಹತ್ತಿ, ಕಾರಂಜಿ ವೃತ್ತದಲ್ಲಿ ಬಲಕ್ಕೆ ತಿರುಗಿ, ಬ್ಯಾಂಕು ಮತ್ತು ಗಡಿಯಾರದ ಅಂಗಡಿಯ ಮುಂದಿನ ಇಕ್ಕಟ್ಟಿನಲ್ಲಿ ಹಾದು, ಉಗ್ರಾಣಗಳ ಹತ್ತಿರ ಸೊಂಟ ಮುರಿದಂತೆ ಬಾಗಿ ಮತ್ತೆ ಬಂದರು ರಸ್ತೆಗೆ ಇಳಿಯುವ ಮೂರು ಕಿಲೋಮೀಟರಿನ ಸುತ್ತು ಅದು. ವರ್ಷವಿಡೀ ತರಕಾರಿ ಗಾಡಿ, ಸೈಕಲ್ಲು, ಶಾಲೆಯ ಮಕ್ಕಳು ಓಡಾಡುವ ದಾರಿ. ರೇಸಿಗೆ ಎರಡು ವಾರ ಇದೆ ಎನ್ನುವಾಗ ಲಾರಿಗಳು ಬಂದು ಕಬ್ಬಿಣದ ತಡೆಗೋಡೆಗಳನ್ನು ಇಳಿಸುತ್ತಿದ್ದವು. ಚರಂಡಿ ಮುಚ್ಚಳಗಳನ್ನು ವೆಲ್ಡಿಂಗ್ ಮಾಡಿ ಬಿಗಿಯುತ್ತಿದ್ದರು. ತಿರುವುಗಳ ಅಂಚುಗಲ್ಲಿಗೆ ಕೆಂಪು ಬಿಳಿ ಬಣ್ಣ ಬೀಳುತ್ತಿತ್ತು. ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಬೀದಿ ಪೂರಾ ಖಾಲಿಯಾಗುತ್ತಿತ್ತು. ದೂರದಲ್ಲೆಲ್ಲೋ ಒಂದು ಎಂಜಿನ್ನು ಕೆಮ್ಮಿ ಎದ್ದರೆ ಇಡೀ ಊರು ಉಸಿರು ಹಿಡಿದು ನಿಲ್ಲುತ್ತಿತ್ತು.

ಮೊಟ್ಟಮೊದಲ ರೇಸು ನಡೆದಾಗ ಅವಳಿಗೆ ಆರು ವರ್ಷ. ಅಪ್ಪ ಊರಾಚೆಯ ಮೇವಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಆಗ ತಡೆಗೋಡೆ ಯಾರು ಕಂಡಿದ್ದರು? ಲೈಟುಕಂಬಗಳಿಗೆ, ಮರದ ಬುಡಗಳಿಗೆ, ಬ್ಯಾಂಕಿನ ಮೂಲೆಗೆ ಒಣಹುಲ್ಲಿನ ಪೆಂಡಿಗಳನ್ನು ಒಟ್ಟಿ ಹಗ್ಗ ಬಿಗಿದರೆ ಮುಗಿಯಿತು, ರೇಸಿಗೆ ಊರು ತಯಾರು. ಪೆಂಡಿಗಳೆಲ್ಲ ಅಪ್ಪನ ಗೋದಾಮಿನಿಂದಲೇ ಬರುತ್ತಿದ್ದವು. ಅವುಗಳನ್ನು ಕಾಯುವ ನೆಪದಲ್ಲಿ ಅಪ್ಪ ಮಗಳನ್ನು ಕರೆದುಕೊಂಡು ಹೋಗಿ ಬ್ಯಾಂಕಿನ ಮೂಲೆಯ ಮೂರನೇ ಸಾಲಿನ ಪೆಂಡಿಯ ಮೇಲೆ ಕೂರಿಸಿದ್ದ. ಕಾಲು ಚಾಚಿದರೆ ಕಾರಿಗೆ ತಾಗುವಷ್ಟು ಹತ್ತಿರ. ಈಗಿನ ಕಾಲದವರು ಕೇಳಿದರೆ ಹೌಹಾರುತ್ತಾರೆ.

ಕಾರುಗಳು ಸ್ನಾನದ ತೊಟ್ಟಿಗೆ ನಾಲ್ಕು ಚಕ್ರ ಸಿಕ್ಕಿಸಿದ ಹಾಗಿದ್ದವು. ಓಡಿಸುವವರ ಮುಖದಲ್ಲಿ ಕನ್ನಡಕದಷ್ಟು ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಮಸಿ. ಮೊದಲ ಕಾರು ಹಾದುಹೋದಾಗ ಗಾಳಿ ಅವಳ ಜಡೆಯ ಟೇಪನ್ನು ಬಿಚ್ಚಿಕೊಂಡು ಹೋಯಿತು, ಹುಲ್ಲಿನ ಧೂಳು ಕಣ್ಣಿಗೆ ಬಿತ್ತು, ಎದೆಯೊಳಗೆ ಯಾರೋ ತಮಟೆ ಬಡಿದಂತಾಯಿತು. ಅದೆಲ್ಲ ಕ್ಷಣದಲ್ಲಿ ಮುಗಿದು, ಆಮೇಲೆ ಉಳಿದದ್ದು ವಾಸನೆ. ಆಗಿನ ರೇಸಿನ ಎಂಜಿನ್ನುಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಸುಟ್ಟ ಹರಳೆಣ್ಣೆಯ ಸಿಹಿಗಂಪು ಬೀದಿಯ ತುಂಬ ಹೊಗೆಯಾಗಿ ನಿಂತಿತ್ತು. ಹೊಟ್ಟೆ ಕೆಟ್ಟಾಗ ಹರಳೆಣ್ಣೆ ಕುಡಿಸಲು ಬಂದರೆ ಬೇರೆ ಮಕ್ಕಳು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದರು. ಇವಳು ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಾ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಈ ಹುಡುಗಿಗೆ ಏನೋ ಆಗಿದೆ ಎಂದು ಅಮ್ಮ ಗಾಬರಿಯಾಗಿದ್ದೂ ಉಂಟು.

ಆರೇಳು ವರ್ಷ ಹೀಗೇ ನಡೆಯಿತು. ಒಮ್ಮೆ ಒಂದು ಕಾರು ಪೆಂಡಿಗಳನ್ನು ಸೀಳಿಕೊಂಡು ಪಾದಚಾರಿಗಳ ಕಟ್ಟೆ ಹತ್ತಿತು. ನೋಡಲು ನಿಂತಿದ್ದ ಇಬ್ಬರ ಕಾಲು ಮುರಿಯಿತು, ಜೀವ ಹೋಗಲಿಲ್ಲವೆನ್ನುವುದೇ ಪುಣ್ಯ. ಮರುವರ್ಷ ಹುಲ್ಲು ಹೋಗಿ ಕಬ್ಬಿಣ ಬಂತು. ಅದರ ಮೇಲೆ ಬಲೆ ಬಂತು. ಅಪ್ಪನ ಪೆಂಡಿಗಳನ್ನು ಕೇಳುವವರು ಇಲ್ಲವಾದರು. ಅಪ್ಪ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬಲೆಯ ಹಿಂದೆ ಜನರ ನಡುವೆ ನಿಂತು, ಮಗಳ ಭುಜದ ಮೇಲೆ ಕೈ ಇಟ್ಟು ನೋಡುತ್ತಿದ್ದ. ಬೇರೆ ಊರಿನ ಬಯಲಿನಲ್ಲಿ ಕಟ್ಟಿದ ರೇಸು ಮೈದಾನವನ್ನೂ ಅವನು ಒಮ್ಮೆ ನೋಡಿ ಬಂದಿದ್ದ, ಅದು ಅವನಿಗೆ ಸಪ್ಪೆಯಾಗಿ ಕಂಡಿತ್ತು.

"ಅಲ್ಲಿ ತಪ್ಪಿದ್ರೆ ಹುಲ್ಲಿಗೆ ಹೋಗ್ತಾರೆ, ಮೈ ಕೊಡವಿಕೊಂಡು ವಾಪಸ್ ಬರ್ತಾರೆ" ಎಂದು ಅವಳಿಗೆ ಹೇಳಿದ್ದ. "ಇಲ್ಲಿ ಹಾಗಲ್ಲ ಕಣಮ್ಮ. ಇಲ್ಲಿ ಗೋಡೆ ಕಾಯ್ತಾ ಇರುತ್ತೆ. ಒಂದು ಗೇಣು ಜಾಗ ಬಿಟ್ಟು ಹೋಗ್ತಾರೆ ನೋಡು, ಆ ಒಂದು ಗೇಣು ನೋಡೋಕೇ ನಾನು ಬರೋದು."

ಅಂದಿನಿಂದ ಅವಳೂ ಗೇಣನ್ನೇ ನೋಡತೊಡಗಿದಳು. ವೇಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೋಡೆಗೂ ಚಕ್ರಕ್ಕೂ ನಡುವೆ ಉಳಿಯುವ ಬೆಳಕಿನ ಸಣ್ಣ ಗೆರೆ ಕಾಣಬೇಕಾದರೆ ವರ್ಷಗಟ್ಟಲೆ ಒಂದೇ ಮೂಲೆಯಲ್ಲಿ ನಿಲ್ಲಬೇಕು. ಸುತ್ತಿನಿಂದ ಸುತ್ತಿಗೆ ಆ ಗೆರೆ ತೆಳುವಾಗುತ್ತಾ ಹೋಗಿ, ಕೊನೆಗೆ ಟಯರು ಕಬ್ಬಿಣವನ್ನು ಮುತ್ತಿಟ್ಟಂತೆ ಸವರಿ ಹೋದಾಗ ಅವಳ ಮೈ ಜುಮ್ಮೆನ್ನುತ್ತಿತ್ತು.

ಗಂಡ ಸಿಕ್ಕಿದ್ದೂ ಆ ಮೂಲೆಯಲ್ಲೇ. ಬ್ಯಾಂಕಿನ ಎದುರಿನ ಗಡಿಯಾರದ ಅಂಗಡಿಯ ಮಹಡಿ ಕಿಟಕಿಯಲ್ಲಿ ಕೂತು, ತಾನೇ ಸರಿಮಾಡಿದ ಸ್ಟಾಪ್‌ವಾಚು ಹಿಡಿದು ಕಾರುಗಳ ಲೆಕ್ಕ ತೆಗೆಯುತ್ತಿದ್ದ ಒಬ್ಬ ಸಣಕಲು ಯುವಕ. ಏಳನೇ ನಂಬರಿನ ಕಾರು ಈ ಸಲ ಬೇಗ ಬಂತು ಎಂದು ಇವಳು ಕೆಳಗಿನಿಂದ ಕೂಗಿದ್ದಳು. ಅವನು ವಾಚು ನೋಡಿ, ಅರ್ಧ ಸೆಕೆಂಡು ಬೇಗ ಎಂದು ಮೇಲಿನಿಂದ ಹೇಳಿದ್ದ. ಬರಿಗಣ್ಣಲ್ಲಿ ಅರ್ಧ ಸೆಕೆಂಡು ಕಂಡುಹಿಡಿದವಳನ್ನು ಕೈಬಿಡಬಾರದು ಎಂದು ಅವನಿಗೆ ಆಗಲೇ ಅನ್ನಿಸಿತಂತೆ.

ಮದುವೆಯಾಗಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದರು. ಗೋಡೆಯ ತುಂಬ ರಿಪೇರಿಗೆ ಬಂದ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಬಸ್ ಕಂಪನಿ ಹೆಂಗಸರನ್ನೂ ಡ್ರೈವರಾಗಿ ತೆಗೆದುಕೊಳ್ಳುತ್ತದೆ ಎಂದು ತಿಳಿದ ದಿನ ಅವಳು ಅರ್ಜಿ ಹಾಕಿದಳು. ಪರೀಕ್ಷೆಯಲ್ಲಿ ಎರಡು ಡ್ರಮ್ಮುಗಳ ನಡುವೆ ಬಸ್ಸನ್ನು ಹಿಂದಕ್ಕೆ ತೆಗೆಯುವುದಿತ್ತು. ಎರಡೂ ಬದಿಗೆ ಒಂದೊಂದು ಗೇಣು ಬಿಟ್ಟು ತೆಗೆದಳು. ಪರೀಕ್ಷಕ ಟೇಪು ಹಿಡಿದು ಅಳೆದು ನೋಡಿದ.

ಹಾಗೆ ಕಾರಂಜಿ ವೃತ್ತದವರೆಗೆ ಅದೇ ರಸ್ತೆ ಅವಳ ಪಾಲಿಗೆ ಬಂತು. ದಿನಕ್ಕೆ ಎಂಟು ಟ್ರಿಪ್ಪು, ಇಪ್ಪತ್ತೆರಡು ವರ್ಷ. ರಸ್ತೆಯ ಒಂದೊಂದು ಉಬ್ಬು ತಗ್ಗು ಸ್ಟಿಯರಿಂಗಿನ ಮೂಲಕ ಅಂಗೈಗೆ ಇಳಿದಿತ್ತು. ಯಾರಿಗೂ ಗೊತ್ತಾಗದ ಹಾಗೆ ಅವಳು ರೇಸಿನ ಗೆರೆಯನ್ನೇ ಹಿಡಿದು ಹೋಗುತ್ತಿದ್ದಳು. ತಿರುವಿನ ಹೊರಗಿನಿಂದ ಬಂದು, ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬಿಡುವುದು. ಹಾಗೆ ಹೋದರೆ ಬಸ್ಸು ಕುಲುಕುವುದಿಲ್ಲ. ಜನ ಅದನ್ನೇ ನಿಧಾನವೆಂದು ತಿಳಿದರು. ಸಂಜೆಯ ಬಿಸಿಲಿನಲ್ಲಿ ಲೈಬ್ರರಿಯ ಏರು ಹತ್ತುವಾಗ ಒಮ್ಮೊಮ್ಮೆ ಅವಳಿಗೆ ಬಸ್ಸಿನ ಗಾಜಿನ ಆಚೆ ಮರಗಳು ಕರಗಿ ಬಣ್ಣದ ಪಟ್ಟಿಗಳಾಗುತ್ತಿದ್ದವು, ಹಿಂದೆ ಕೂತವರ ಮಾತು ಸಾವಿರಾರು ಜನರ ಗುಜುಗುಜು ಆಗುತ್ತಿತ್ತು. ಆಮೇಲೆ ಯಾರೋ ಗಂಟೆ ಒತ್ತುತ್ತಿದ್ದರು, ಅವಳು ಸ್ಟಾಪಿನಲ್ಲಿ ನಿಲ್ಲಿಸುತ್ತಿದ್ದಳು.

ಅಪ್ಪ ತೀರಿಕೊಂಡದ್ದು ಒಂದು ವರ್ಷ ರೇಸಿಗೆ ಎರಡು ತಿಂಗಳು ಮೊದಲು. ರೇಸು ಮುಗಿದ ಮಾರನೇ ದಿನ, ಸೋಮವಾರ ಬೆಳಿಗ್ಗೆ, ಟಯರಿನ ಗುರುತು ನೋಡಲು ಸುತ್ತು ಪೂರ್ತಿ ನಡೆದು ಬರುವುದು ಅವನ ವಾಡಿಕೆಯಾಗಿತ್ತು. ಯಾರು ಎಲ್ಲಿ ಬ್ರೇಕು ಹಾಕಿದರು, ಯಾರು ಎಲ್ಲಿ ಹೆದರಿದರು ಎಂದು ಗುರುತು ನೋಡಿಯೇ ಹೇಳುತ್ತಿದ್ದ. ಆ ವರ್ಷ ನೋಡುವವರಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಐದೂವರೆಗೆ ಮೊದಲ ಬಸ್ಸು ಅವಳದೇ. ತಡೆಗೋಡೆಗಳನ್ನು ಇನ್ನೂ ತೆಗೆದಿರಲಿಲ್ಲ, ರಸ್ತೆ ಮಾತ್ರ ಬಸ್ಸಿಗೆ ತೆರೆದಿತ್ತು. ಬಂದರಿನ ಕಡೆಯಿಂದ ಮಂಜು ಬಂದು ಬೀದಿಯಲ್ಲಿ ಮೊಣಕಾಲೆತ್ತರಕ್ಕೆ ಮಲಗಿತ್ತು. ರಸ್ತೆಯ ಮೇಲೆ ರೇಸು ಶುರುವಾಗುವ ಮುನ್ನ ಕಾರುಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಬಳಿದ ಬಿಳಿ ಗುರುತುಗಳು. ಅವಳು ಮೊದಲನೆಯ ಗುರುತಿನ ಮೇಲೆ ಬಸ್ಸು ನಿಲ್ಲಿಸಿದಳು. ಅಲ್ಲಿ ಸ್ಟಾಪು ಇರಲಿಲ್ಲ. ಬಸ್ಸಿನಲ್ಲಿ ಇದ್ದವರು ಐದು ಜನ, ಪಾಳಿ ಮುಗಿಸಿ ಹೊರಟ ಕಾವಲುಗಾರ, ಆಸ್ಪತ್ರೆಯ ಇಬ್ಬರು ನರ್ಸುಗಳು, ಮೀನು ಬುಟ್ಟಿಯ ಒಬ್ಬ ಅಜ್ಜಿ, ಮತ್ತೆ ಕಂಡಕ್ಟರು. ಎಂಜಿನ್ನು ಗುರುಗುಟ್ಟಿತು. ಅವಳು ಹೊರಟಳು.

ಲೈಬ್ರರಿಯ ಏರು ಹತ್ತಿದಳು. ಕಾರಂಜಿ ವೃತ್ತದಲ್ಲಿ ಆಸ್ಪತ್ರೆಗೆ ಎಡಕ್ಕೆ ಹೋಗಬೇಕು. ಬಸ್ಸು ಬಲಕ್ಕೆ ತಿರುಗಿತು. ಆ ತಿರುವಿನ ಬಗ್ಗೆ ಮೊದಲೇ ಯೋಚಿಸಿರಲಿಲ್ಲ ಎಂದು ಆಮೇಲೆ ಗಂಡನಿಗೆ ಹೇಳಿದಳು. ಕೈ ತಾನಾಗಿ ತಿರುಗಿತಂತೆ.

ಕಂಡಕ್ಟರು ಎದ್ದು ಮುಂದಕ್ಕೆ ಬಂದ. "ಅಕ್ಕಾ, ದಾರಿ ತಪ್ಪಿತಲ್ಲ?"

"ತಪ್ಪಿಲ್ಲ. ಸ್ವಲ್ಪ ಸುತ್ತು, ಅಷ್ಟೇ."

ಅವನು ಅವಳ ಮುಖ ನೋಡಿದ. ಎರಡು ತಿಂಗಳ ಹಿಂದೆ ಅವಳ ಅಪ್ಪನಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಮತ್ತೆ ಹೋಗಿ ತನ್ನ ಸೀಟಿನಲ್ಲಿ ಕೂತು ಚೀಲ ಮಡಿಲಿಗೆ ಎಳೆದುಕೊಂಡ.

ಬ್ಯಾಂಕಿನ ಮೂಲೆ ಬಂತು. ರಸ್ತೆಯ ಮೇಲೆ ಟಯರಿನ ಕರಿಗೆರೆಗಳು ಒಂದರ ಮೇಲೊಂದು ಬಿದ್ದು ಹೆಣೆದುಕೊಂಡಿದ್ದವು. ರಬ್ಬರಿನ ಚೂರುಗಳು ಚಕ್ರದ ಕೆಳಗೆ ಹುರಿದ ಕಾಳಿನಂತೆ ಚಟಗುಟ್ಟಿದವು. ಎಡಗಡೆಯ ಕಬ್ಬಿಣಕ್ಕೂ ಬಸ್ಸಿಗೂ ನಡುವೆ ಒಂದು ಗೇಣು. ಮಂಜಿನೊಳಗೆ ಬೀದಿ ತೇಲುತ್ತಿತ್ತು, ಬಸ್ಸೂ ತೇಲುತ್ತಿತ್ತು. ಗಂಟೆಗೆ ಇಪ್ಪತ್ತೈದು ಕಿಲೋಮೀಟರು ವೇಗವಿದ್ದಿರಬಹುದು. ಆದರೂ ಅವಳಿಗೆ ಎರಡೂ ಬದಿಯ ಕಿಟಕಿಗಳಲ್ಲಿ ಜನ ತುಂಬಿದ್ದಂತೆ, ಎಲ್ಲರೂ ಸದ್ದಿಲ್ಲದೆ ಕೈ ಬೀಸುತ್ತಿದ್ದಂತೆ ಕಂಡಿತು. ಉಗ್ರಾಣಗಳ ಹತ್ತಿರದ ಸೊಂಟ ಮುರಿದ ತಿರುವಿನಲ್ಲಿ ಬಸ್ಸು ತಿರುಗುವುದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ತಿರುಗಿತು. ಮೀನಿನ ಅಜ್ಜಿ ಮಾತ್ರ ತನ್ನಷ್ಟಕ್ಕೆ ತಾನೇ, ಸಮುದ್ರ ಎಷ್ಟು ಚೆನ್ನಾಗಿ ಕಾಣ್ತದೆ ಇಲ್ಲಿಂದ, ಎಂದಳು.

ಆಸ್ಪತ್ರೆಗೆ ಹನ್ನೊಂದು ನಿಮಿಷ ತಡವಾಗಿ ಮುಟ್ಟಿದರು. ಪ್ರಯಾಣಿಕರಲ್ಲಿ ಒಬ್ಬರೂ ದೂರು ಕೊಡಲಿಲ್ಲ. ತಡೆಗೋಡೆ ಬಿಚ್ಚಲು ಬಂದಿದ್ದ ಕೆಲಸಗಾರರು ಮಂಜಿನೊಳಗಿಂದ ಬಸ್ಸು ಬಂದದ್ದು ಕಂಡು ಬೆಚ್ಚಿಬಿದ್ದು ರೇಸಿನ ಕಚೇರಿಗೆ ಹೇಳಿದರು. ಅಲ್ಲಿಂದ ಡಿಪೋಗೆ ಸುದ್ದಿ ಬಂತು. ಡಿಪೋ ಮ್ಯಾನೇಜರು ಅವಳಿಗೆ ಮೆಮೊ ಕೊಟ್ಟ, ಎರಡು ದಿನ ಸ್ಟಿಯರಿಂಗ್ ಮುಟ್ಟಬಾರದು ಎಂದ. ಕಾರಣ ಬರೆದುಕೊಡು ಎಂದಾಗ ಅವಳು ಒಂದು ಸಾಲು ಬರೆದಳು, ರಸ್ತೆ ಹೇಗಿದೆ ಎಂದು ನೋಡಲು ಹೋಗಿದ್ದೆ ಎಂದು. ಆ ಕಾಗದ ಫೈಲಿನಲ್ಲಿ ರೇಸಿನ ಕಚೇರಿಗೂ ಹೋಯಿತು. ಅಲ್ಲಿ ರಸ್ತೆಯ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರು ಅದನ್ನು ಎರಡು ಸಲ ಓದಿ, ಈ ಹೆಂಗಸು ಆ ರಸ್ತೆಯಲ್ಲಿ ಎಷ್ಟು ವರ್ಷದಿಂದ ಓಡಿಸುತ್ತಿದ್ದಾಳೆ ಎಂದು ವಿಚಾರಿಸಿದನಂತೆ.

ಮರುವರ್ಷ ರೇಸು ಶುರುವಾಗುವ ಹಿಂದಿನ ದಿನ, ಗುರುವಾರ, ಒಂದು ಕೋರಿಕೆ ಬಂತು. ರೇಸು ಓಡಿಸುವವರಿಗೆಲ್ಲ ಸುತ್ತನ್ನು ಒಮ್ಮೆ ನಿಧಾನವಾಗಿ ತೋರಿಸಬೇಕು. ಅದಕ್ಕೆ ಒಂದು ಬಸ್ಸು ಬೇಕು, ಹದಿನಾಲ್ಕನೇ ನಂಬರಿನ ಆ ಡ್ರೈವರಮ್ಮನೇ ಬೇಕು. ಮ್ಯಾನೇಜರು ಈ ಸಲ ಬಸ್ಸನ್ನು ತೊಳೆಸಿ ಕೊಟ್ಟ.

ಇಪ್ಪತ್ತು ಜನ ರೇಸುಗಾರರು ಹತ್ತಿದರು. ಹೆಚ್ಚಿನವರು ಎಳೆಯರು. ನಗುತ್ತಾ, ಒಬ್ಬರನ್ನೊಬ್ಬರು ಕೆಣಕುತ್ತಾ, ಬಸ್ಸಿನಲ್ಲಿ ಶಾಲೆಗೆ ಹೊರಟವರ ಹಾಗಿದ್ದರು. ಮುಂದಿನ ಸೀಟಿಗೆ ಬಂದು ಕೂತವನೊಬ್ಬನಿಗೆ ಮಾತ್ರ ತಲೆ ನರೆತಿತ್ತು. ಹತ್ತುವಾಗ ಎಡಗಾಲು ಎಳೆಯುತ್ತಿದ್ದ. ಹದಿನಾರು ವರ್ಷದಿಂದ ಈ ಊರಿಗೆ ಬರುತ್ತಿದ್ದವನು, ಇಲ್ಲಿ ಒಂದು ಸಲವೂ ಮೊದಲ ಮೂವರಲ್ಲಿ ಬಂದವನಲ್ಲ. ಅವಳು ಅವನನ್ನು ಚಕ್ರದ ಗೆರೆಯಿಂದಲೇ ಗುರುತಿಸುತ್ತಿದ್ದಳು, ಮುಖ ನೋಡಿದ್ದು ಇದೇ ಮೊದಲು.

ಲೈಬ್ರರಿಯ ಏರಿನಲ್ಲಿ ಅವನು ಮುಂದಕ್ಕೆ ಬಾಗಿದ. "ಅಮ್ಮ, ಇಲ್ಲಿ ನಾನು ಎರಡು ಸಲ ಗೋಡೆಗೆ ಹೋಗಿದ್ದೀನಿ. ಎರಡು ಸಲವೂ ಮಳೆ. ಯಾಕೆ ಹೋದೆ ಅಂತ ಇವತ್ತಿಗೂ ಗೊತ್ತಾಗಿಲ್ಲ."

ಅವಳು ಬಸ್ಸು ನಿಲ್ಲಿಸಿದಳು. ಹಿಂದೆ ನಗು ನಿಂತಿತು. "ಆ ಮೂರನೇ ಮರ ನೋಡಿ ಸಾರ್. ಅದರ ಬೇರು ರಸ್ತೆ ಕೆಳಗೆ ಬಂದಿದೆ. ಪ್ರತಿ ವರ್ಷ ಮೇಲೆ ಡಾಂಬರು ಹಾಕ್ತಾರೆ, ಕಣ್ಣಿಗೆ ಸಮ ಕಾಣುತ್ತೆ. ನನ್ನ ಬಸ್ಸಲ್ಲಿ ನಿಂತಿರೋರು ಇಲ್ಲಿಗೆ ಬಂದಾಗ ಎಲ್ಲರೂ ಎಡಗಾಲಿಗೆ ವಾಲ್ತಾರೆ, ಅವರಿಗೂ ಗೊತ್ತಿಲ್ಲ. ಮಳೆ ಬಂದ್ರೆ ಲೈಬ್ರರಿ ಕಾಂಪೌಂಡಿನ ನೀರೂ ಇಲ್ಲೇ ಅಡ್ಡ ಹರಿಯುತ್ತೆ."

"ಮತ್ತೆ ನೀವು ಏನು ಮಾಡ್ತೀರಿ?"

"ಬ್ರೇಕಿನ ಕೆಲಸ ಎಲ್ಲ ಎರಡನೇ ಮರದ ಹತ್ರಾನೇ ಮುಗಿಸ್ಕೋತೀನಿ. ಮೂರನೇ ಮರ ದಾಟೋವರೆಗೂ ಬಸ್ಸಿಗೆ ಏನೂ ಹೇಳಲ್ಲ. ಅದರ ಪಾಡಿಗೆ ಅದು ಹೋಗುತ್ತೆ."

ಹಿಂದಿನ ಸೀಟಿನಿಂದ ಯಾರೋ, ಬಸ್ಸಿಗೂ ಕಾರಿಗೂ ಒಂದೇ ಲೆಕ್ಕವಾ ಎಂದು ಕೇಳಿದರು, ಮತ್ತೆ ನಗು ಎದ್ದಿತು. ನರೆತ ತಲೆಯವನು ನಗಲಿಲ್ಲ. ಮರಗಳನ್ನು ಒಂದು, ಎರಡು, ಮೂರು ಎಂದು ಬೆರಳು ಮಡಚಿ ಎಣಿಸಿಕೊಂಡ.

ಭಾನುವಾರ ಅವಳಿಗೆ ಡ್ಯೂಟಿ ಇತ್ತು. ರೇಸಿನ ದಿನ ಹದಿನಾಲ್ಕನೇ ನಂಬರು ಊರ ಹಿಂಭಾಗದ ಗಲ್ಲಿಗಳಲ್ಲಿ ಬಳಸಿಕೊಂಡು ಹೋಗುತ್ತಿತ್ತು. ಮನೆಗಳ ಸಾಲಿನ ಆಚೆ ಎಂಜಿನ್ನುಗಳು ಒಟ್ಟಿಗೆ ಏರಿ, ಗೋಡೆಯಿಂದ ಗೋಡೆಗೆ ಬಡಿದು, ಸಂದಿಗೊಂದಿಯಲ್ಲಿ ನುಗ್ಗಿ ಬಸ್ಸಿನ ಗಾಜುಗಳನ್ನು ಗಿಲಿಗುಟ್ಟಿಸುತ್ತಿದ್ದವು. ಅವಳು ಸದ್ದು ಕೇಳಿಯೇ ಈಗ ಏರು, ಈಗ ವೃತ್ತ, ಈಗ ನಮ್ಮ ಮನೆಯ ಕೆಳಗೆ ಎಂದು ಮನಸ್ಸಿನಲ್ಲಿ ಸುತ್ತು ಹಾಕುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಗಾಜಿನ ಮೇಲೆ ಮೊದಲ ಹನಿ ಬಿತ್ತು. ತಾನು ಹೇಳಿದ್ದು ತಪ್ಪಾಗಿದ್ದರೆ? ಹನ್ನೆರಡು ಟನ್ನಿನ ಬಸ್ಸಿನ ಮಾತನ್ನು ನಂಬಿ ಒಬ್ಬ ಮನುಷ್ಯ ಗೋಡೆಯ ಕಡೆ ಹೋಗುತ್ತಿದ್ದಾನೆ.

ಸಿಗ್ನಲ್ಲಿನಲ್ಲಿ ನಿಂತಾಗ ಒಬ್ಬ ಪ್ರಯಾಣಿಕನ ರೇಡಿಯೊ ಮಾತಾಡುತ್ತಿತ್ತು. ಲೈಬ್ರರಿಯ ಹತ್ತಿರ ಒಂದು ಕಾರು ಜಾರಿ ಗೋಡೆ ಸೇರಿತು, ಮುಂದಿನ ಸುತ್ತಿನಲ್ಲಿ ಇನ್ನೆರಡು. ಓಡಿಸುವವರಿಗೆ ಏನೂ ಆಗಿಲ್ಲ. ಆಮೇಲೆ ಬಹಳ ಹೊತ್ತು ಮಳೆಯ ಸದ್ದು. ಅವಳು ನಾಲ್ಕು ಸ್ಟಾಪು ದಾಟಿದಳು. ಜನ ಹತ್ತಿದರು, ಇಳಿದರು. ರೇಡಿಯೊದವನು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯದೆ ಕೂತೇ ಇದ್ದ. ಕೊನೆಗೆ ಮತ್ತೊಂದು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ರೇಸು ಮುಗಿಯಿತು. ನರೆತ ತಲೆಯವನು ಎರಡನೆಯವನಾಗಿ ಬಂದಿದ್ದ.

ಇಷ್ಟು ವರ್ಷ ಆಗದ್ದು ಈ ಸಲ ಹೇಗಾಯಿತು ಎಂದು ರೇಡಿಯೊದಲ್ಲಿ ಯಾರೋ ಅವನನ್ನು ಕೇಳಿದರು. ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರಮ್ಮ ಎರಡನೇ ಮರದ ಹತ್ತಿರ ಬ್ರೇಕು ಮುಗಿಸು ಎಂದಿದ್ದರು, ಮುಗಿಸಿದೆ, ಎಂದ ಅವನ ದಣಿದ ದನಿ ಬಸ್ಸಿನೊಳಗೆ ಕೇಳಿತು. ಮೂವತ್ತು ಜನರ ಕಣ್ಣು ಒಮ್ಮೆಗೇ ಅವಳ ಬೆನ್ನಿಗೆ ನೆಟ್ಟವು. ಅಷ್ಟರಲ್ಲಿ ಹಸಿರು ದೀಪ ಬಂತು. ಅವಳು ಗೇರು ಹಾಕಿದಳು. ಸಂಕೋಚಕ್ಕೆ ಕಿವಿ ಬಿಸಿಯಾಗಿತ್ತು, ಕಣ್ಣು ಮಂಜಾಗಿತ್ತು, ಗಾಜು ಒರೆಸುವ ಕಡ್ಡಿಗಳ ಆಚೆ ಬೀದಿ ಪೂರಾ ಬಣ್ಣಬಣ್ಣವಾಗಿ ಹರಿಯುತ್ತಿತ್ತು.

ಆಮೇಲೆ ಆರು ವರ್ಷ ಪ್ರತಿ ರೇಸಿನ ಗುರುವಾರವೂ ಅವಳೇ ಬಸ್ಸು ಓಡಿಸಿದಳು. ನರೆತ ತಲೆಯವನು ಎರಡನೆಯವನಾಗಿ ಬಂದ ವರ್ಷವೇ ರೇಸು ಬಿಟ್ಟಿದ್ದ. ಏಳನೆಯ ವರ್ಷ ರೇಸೇ ಊರು ಬಿಟ್ಟಿತು. ಕಾರುಗಳ ವೇಗ ಈ ಬೀದಿಗೆ ಹೆಚ್ಚಾಯಿತು, ಮನೆಗಳ ಗಾಜು ಒಡೆಯುತ್ತಿವೆ, ಅಂಗಡಿಗಳಿಗೆ ನಷ್ಟ ಎಂದೆಲ್ಲ ವರ್ಷಗಟ್ಟಲೆ ಮಾತಾಗಿ, ಊರಾಚೆಯ ಬಯಲಿನಲ್ಲಿ ಅಗಲವಾದ ಹೊಸ ಮೈದಾನ ಕಟ್ಟಿದರು. ಅದರ ಉದ್ಘಾಟನೆಗೆ ಅವಳಿಗೂ ಗಂಡನಿಗೂ ಎರಡು ಪಾಸು ಬಂದವು. ಹೋದರು. ನೆರಳಿತ್ತು, ಮೆತ್ತನೆಯ ಕುರ್ಚಿಯಿತ್ತು, ಕಾರುಗಳು ದೂರದಲ್ಲಿ ಆಟಿಕೆಗಳಂತೆ ಹೋಗಿ ಬಂದವು. ಒಂದು ಜಾರಿ ಜಲ್ಲಿಕಲ್ಲಿನ ಮೇಲೆ ಹೋಗಿ, ಧೂಳು ಕೊಡವಿಕೊಂಡು ವಾಪಸು ಬಂತು. ಗಂಡ ಸ್ಟಾಪ್‌ವಾಚು ಒತ್ತುತ್ತಾ ಲೆಕ್ಕ ಬರೆಯುತ್ತಿದ್ದ. ನಡುವೆ ತಿರುಗಿ ನೋಡಿದರೆ ಹೆಂಡತಿ ಅವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ವಾಪಸು ಬರುವಾಗ ಬೇರೆ ಯಾರೋ ಓಡಿಸುತ್ತಿದ್ದ ಬಸ್ಸು. ತಿರುವುಗಳಲ್ಲಿ ಎಲ್ಲರೂ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಕೇಳದೇ ಉಳಿದ ಒಂದು ಪ್ರಶ್ನೆಯನ್ನು ಗಂಡ ಆಗ ಕೇಳಿದ.

"ನಿಜ ಹೇಳು. ಒಂದು ಸಲನಾದ್ರೂ ಆ ಕಾರಿನಲ್ಲಿ ಕೂತು ಓಡಿಸಬೇಕು ಅಂತ ಅನ್ನಿಸಿಲ್ವಾ ನಿಂಗೆ?"

ಅವಳು ಕಿಟಕಿಯಿಂದ ಅವನ ಕಡೆ ತಿರುಗಿದಳು. "ಅದರಲ್ಲಿ ಒಂದೇ ಸೀಟು ಅಲ್ವೇನ್ರೀ. ಒಬ್ಬಳೇ ಕೂತು ಎಲ್ಲಿಗೆ ಹೋಗ್ಲಿ?"

ಅವನು ನಕ್ಕ. ಬಸ್ಸು ಬಂದರು ರಸ್ತೆಗೆ ತಿರುಗಿತು. ಸಂಜೆ ಬಿಸಿಲಿಗೆ ನೀರು ಹೊಳೆಯುತ್ತಿತ್ತು, ಹಡಗೊಂದು ಕದಲಿದಂತೆಯೂ ನಿಂತಂತೆಯೂ ಕಾಣುತ್ತಿತ್ತು. ಅವಳು ಚಪ್ಪಲಿ ಬಿಚ್ಚಿ, ಕಾಲನ್ನು ಮುಂದಿನ ಸೀಟಿನ ಕೆಳಗೆ ಚಾಚಿ, ಇಳಿಯುವ ಸ್ಟಾಪು ಬರುವವರೆಗೂ ಆ ಹಡಗನ್ನೇ ನೋಡುತ್ತಾ ಕೂತಳು.